ಕಡೇ ಮಾತು ಹೇಳುತ್ತಿದ್ದ ಮೇಟ್ರನಮ್ಮ

ಅವರ ಬಲಗಿವಿಯ ಹಾಲೆ ಸೀಳಿ ಎರಡಾಗಿತ್ತು. ನೋವಿನಲ್ಲಿ ಒದ್ದಾಡುತ್ತಿದ್ದ ಗಣಿ ಕೆಲಸಗಾರನೊಬ್ಬ ಕೈಗೆ ಸಿಕ್ಕಿದ ಓಲೆಯನ್ನು ಹಿಡಿದು ಎಳೆದುಬಿಟ್ಟಿದ್ದನಂತೆ. ರಕ್ತ ಸೋರುವ ಕಿವಿಗೆ ಹತ್ತಿ ಒತ್ತಿಕೊಂಡೇ ಅವನ ಕಾಲಿನ ಕಟ್ಟು ಮುಗಿಸಿದರಂತೆ. ಆಮೇಲೆ ಕಿವಿ ಹೊಲಿಸಿಕೊಳ್ಳಲಿಲ್ಲ, ಓಲೆಯನ್ನೂ ಹಾಕಲಿಲ್ಲ. ಸಿಟ್ಟು ಬಂದಾಗ ಆ ಎರಡು ತುಣುಕೂ ಕೆಂಪಾಗುತ್ತಿದ್ದವು. ಹೊಸದಾಗಿ ಸೇರಿದ ನರ್ಸುಗಳು ನಾವೆಲ್ಲ ಅವರ ಮುಖ ನೋಡುವ ಮೊದಲು ಕಿವಿ ನೋಡುತ್ತಿದ್ದೆವು.

ಚಿನ್ನದ ಗಣಿಯ ಉರಿಗಾಂ ಕಡೆಯ ಆ ಸಣ್ಣ ಆಸ್ಪತ್ರೆಯಲ್ಲಿ ಅವರು ಮೇಟ್ರನ್, ನರ್ಸುಗಳಿಗೆಲ್ಲ ಮೇಲಿನವರು. ಊರಿಗೆಲ್ಲ ಮೇಟ್ರನಮ್ಮ. ನಾನು ಐವತ್ತರ ದಶಕದ ಕೊನೆಯಲ್ಲಿ ಅಲ್ಲಿ ಕೆಲಸ ಕಲಿಯಲು ಸೇರಿದೆ. ಅವರ ಮನೆಮಾತು ತಮಿಳು. ಕನ್ನಡ, ತೆಲುಗು ಎರಡನ್ನೂ ರೋಗಿಗಳಿಂದಲೇ ಕಲಿತಿದ್ದರು. ಅವರ ದಿನಕ್ಕೊಂದು ಕ್ರಮವಿತ್ತು. ಮೊದಲು ಹಾಸಿಗೆ, ಆಮೇಲೆ ಕುದಿಸಿದ ನೀರು, ಆಮೇಲೆ ಗಾಯ, ಎಲ್ಲಕ್ಕಿಂತ ಕೊನೆಗೆ ಮಾತು. ನಾನು ಮೊದಲ ದಿನ ಹಾಸಿದ ದುಪ್ಪಟಿಯ ಮೂಲೆಯನ್ನು ಬೆರಳಲ್ಲಿ ಎತ್ತಿ, "ಏಮ್ಮಾ, ಇದು ಹಾಸಿಗೆನಾ, ಸಂತೇಲಿ ಕಟ್ಟಿದ ಗಂಟಾ?" ಎಂದು ಕೇಳಿದರು. ಬಿಚ್ಚಿ ಮತ್ತೆ ಹಾಸಿದೆ. ಇಂದಿಗೂ ನಮ್ಮ ಮನೆಯಲ್ಲಿ ಹಾಸಿಗೆ ಹಾಸದೆ ಯಾರಿಗೂ ಕಾಫಿ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸ್‌ನ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ. ನಮ್ಮಪ್ಪ ಕಾಮಸಮುದ್ರದ ಹತ್ತಿರದ ಹಳ್ಳಿಯಿಂದ ಗಣಿಗೆ ಬಂದವರು. ನಮ್ಮ ಲೈನಿನ ನಡುವೆ ಒಂದು ನಲ್ಲಿ ಇತ್ತು. ಅದರ ಮೇಲ್ಗಡೆ ನಮ್ಮಂಥ ಹಿಂದೂಗಳ ಮನೆ, ಕೆಳಗಡೆ ಕ್ರೈಸ್ತರ ಮನೆ. ಮೇಲೆ ಮಾರಮ್ಮನ ಗುಡಿ, ಕೆಳಗೆ ಚಾಪೆಲ್ ಅನ್ನುವ ಒಂದು ಪುಟ್ಟ ಚರ್ಚು. ಮಾರಮ್ಮನ ಮೆರವಣಿಗೆ ಚಾಪೆಲ್ಲಿನ ಮುಂದೆ ಹೋಗುವಾಗ ತಮಟೆ ನಿಲ್ಲಿಸಬೇಕೆಂದು ಹಿರಿಯರು ಮಾಡಿಕೊಂಡ ಒಪ್ಪಂದವಿತ್ತು. ಒಂದು ವರ್ಷ ನಿಲ್ಲಿಸಲಿಲ್ಲ. ಕಲ್ಲು ಬಿತ್ತು, ತಲೆ ಒಡೆಯಿತು. ಅಂದಿನಿಂದ ಮಕ್ಕಳು ಕೂಡ ನಲ್ಲಿ ದಾಟಿ ಆಡಲು ಹೋಗುತ್ತಿರಲಿಲ್ಲ.

ನನಗೆ ಎರಡು ಕಡೆಯ ಭಯವೂ ಸಮವಾಗಿ ಸಿಕ್ಕಿತು. ಚಾಪೆಲ್ಲಿನ ನೆರಳು ತುಳಿದರೆ ಮಾರಮ್ಮ ಮೈಮೇಲೆ ಗುಳ್ಳೆ ಎಬ್ಬಿಸುತ್ತಾಳೆ ಎಂದು ನಮ್ಮಜ್ಜಿ. ವಿಗ್ರಹಕ್ಕೆ ಕೈ ಮುಗಿದರೆ ಆರದ ಬೆಂಕಿಯಲ್ಲಿ ಬೇಯಬೇಕು ಎಂದು ನೀರಿನ ಸರದಿಯಲ್ಲಿ ನಿಂತ ಕೆಳಗಿನ ಮನೆಯ ಹುಡುಗಿ. ಇವೆರಡರ ಕೆಳಗೆ, ನೆಲದಾಳದಲ್ಲಿ, ಅಪ್ಪ. ಆಗಾಗ ಒಳಗೆಲ್ಲೋ ಬಂಡೆ ಸಿಡಿದು ಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಹೆಂಗಸರು ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದರು. ಯಾವ ದೇವರಿಗೆ ಸಿಟ್ಟು ಬಂದಿದೆ ಎಂದು ನಾನು ಲೆಕ್ಕ ಹಾಕುತ್ತ ನಿಲ್ಲುತ್ತಿದ್ದೆ. ಗಣಿಯ ದೂಳಿಗೆ ಅಪ್ಪನ ಎದೆ ಕಟ್ಟಿ, ಅವರನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದ ಮೇಲೂ ಆ ಭಯ ಮಾತ್ರ ನನ್ನಲ್ಲೇ ಉಳಿಯಿತು.

ಮೇಟ್ರನಮ್ಮ ಚಾಪೆಲ್ಲಿನವರು. ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಆಸ್ಪತ್ರೆಯೊಳಗೆ ಅವರ ಬಾಯಲ್ಲಿ ದೇವರ ಹೆಸರು ನಾನು ಕೇಳಿದವಳಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಗಣಿಯಲ್ಲಿ ಪೆಟ್ಟಾದವರ ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಅವರು ಜಗಲಿಯಲ್ಲಿ ಕಾಯಬೇಕು. ಒಳಗೆ ಜೀವ ಹೋದರೆ, ಹಾಸಿಗೆಯ ಪಕ್ಕದಲ್ಲಿದ್ದ ನರ್ಸು ಹೊರಗೆ ಬಂದು ಅವನ ಕೊನೆಯ ಮಾತು ಏನೆಂದು ಹೇಳಬೇಕು. ಜನ ಅದನ್ನು 'ಕಡೇ ಮಾತು' ಅನ್ನುತ್ತಿದ್ದರು. ಆ ಮಾತಿನ ಮೇಲೆ ಮಗಳ ಮದುವೆ ನಿಶ್ಚಯವಾಗುತ್ತಿತ್ತು, ಅಣ್ಣತಮ್ಮಂದಿರ ಜಗಳ ಮುಗಿಯುತ್ತಿತ್ತು. ಕೊನೆಗೆ ಯಾವ ದೇವರ ಹೆಸರು ಹೇಳಿದನೋ ಆ ಕಡೆಯವರು ಹೆಣ ಎತ್ತುತ್ತಿದ್ದರು.

ನಮ್ಮ ಜೊತೆಯ ಒಬ್ಬಳು ನರ್ಸು ಮೆದು ಮನಸ್ಸಿನವಳು. ಎಲ್ಲರಿಗೂ, "ಮಕ್ಕಳನ್ನ ಚೆನ್ನಾಗಿ ನೋಡ್ಕೋ ಅಂದ್ರು" ಎಂದೇ ಹೇಳುತ್ತಿದ್ದಳು. ಮದುವೆಯೇ ಆಗದವನೊಬ್ಬನ ತಾಯಿಗೂ ಹಾಗೆಯೇ ಹೇಳಿ ಸಿಕ್ಕಿಬಿದ್ದಳು. ಮೇಟ್ರನಮ್ಮನ ಕಿವಿ ಕೆಂಪಾಯಿತು.

"ನೀನು ನರ್ಸಾ, ನಾಟಕ ಬರಿಯೋಳಾ? ಕೇಳಿಸಿದ್ದು ಹೇಳು. ಬೈದ್ರೆ ಬೈದ ಅನ್ನು."

ಅವರು ಹಾಗೆಯೇ ಮಾಡುತ್ತಿದ್ದರು. ಒಮ್ಮೆ ಒಬ್ಬ ಮುದುಕರ ಮಕ್ಕಳ ಮುಂದೆ ನಿಂತು, ಮುಖದ ಗೆರೆ ಕದಲಿಸದೆ, "ಗಂಜಿಗೆ ಉಪ್ಪು ಹಾಕೋಕೂ ಬರಲ್ವಾ ನಿಮಗೆ ಅಂದ್ರು" ಎಂದರು. ಹಿರಿಯ ಮಗ ಅಳುತ್ತಿದ್ದವನು ನಕ್ಕುಬಿಟ್ಟ. "ನಮ್ಮಪ್ಪನೇ ಬಿಡಮ್ಮ, ಅನುಮಾನಾನೇ ಇಲ್ಲ" ಅಂದ.

ಅರವತ್ತರ ದಶಕ ಶುರುವಾದ ಮೇಲೆ ಒಂದು ಮಧ್ಯಾಹ್ನ ನಾನು ಬ್ಯಾಂಡೇಜು ಸುತ್ತುತ್ತ ಕುಳಿತಿದ್ದೆ. ನೆಲ ನಡುಗಿತು. ಬೀರುವಿನ ಸೀಸೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಆಮೇಲೆ ಕೂಗು ಶುರುವಾಯಿತು. ಮೇಟ್ರನಮ್ಮ ತಲೆ ಎತ್ತದೆ, "ನೀರು ಕಾಯಿಸು" ಎಂದರು.

ಹೊತ್ತು ತಂದ ಗಾಯಾಳುಗಳಲ್ಲಿ ಒಬ್ಬ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸದವನು. ನನಗೆ ಗುರುತಿತ್ತು. ನಮ್ಮ ಮೇಲಿನ ಸಾಲಿನಲ್ಲಿ ಹುಟ್ಟಿದವನು, ಕೆಳಗಿನ ಸಾಲಿನ ಹುಡುಗಿಯನ್ನು ಚಾಪೆಲ್ಲಿನಲ್ಲಿ ಮದುವೆಯಾಗಿದ್ದ. ಆದರೂ ವರ್ಷವರ್ಷ ಮಾರಮ್ಮನಿಗೆ ಬೇವಿನ ಸೊಪ್ಪು ಹೊರುವುದನ್ನು ಬಿಟ್ಟಿರಲಿಲ್ಲ. ಎರಡು ಕಡೆಯವರೂ ಅವನನ್ನು ನಮ್ಮವನು ಅನ್ನುತ್ತಿದ್ದರು, ಎರಡು ಕಡೆಯವರೂ ನಂಬುತ್ತಿರಲಿಲ್ಲ.

ಡಾಕ್ಟರು ಅವನನ್ನು ನೋಡಿ ಮೇಟ್ರನಮ್ಮನಿಗೆ ಮೆಲ್ಲಗೆ ತಲೆಯಾಡಿಸಿ, ಉಳಿಯಬಹುದಾದವನ ಕಡೆಗೆ ಹೋದರು. ಮೇಟ್ರನಮ್ಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡರು. ನಾನು ಬೇಸಿನ್ ಹಿಡಿದು ನಿಂತೆ. ಅವನಿಗೆ ಪೂರ್ತಿ ಎಚ್ಚರವಿತ್ತು.

"ಅಮ್ಮಯ್ಯಾ, ನಂಗೆ ಬಯ ಆಯ್ತದೆ."

"ಆಗ್ತದಪ್ಪ. ನಾನು ಎಲ್ಲೂ ಹೋಗಲ್ಲ."

ಸೂರಿನ ಕಡೆ ನೋಡಿದ. ಆಮೇಲೆ ಕೇಳಿದ:

"ಅಲ್ಲಿ ಯಾರಾನ ಇರ್ತಾರಾ?"

ಇರ್ತಾರೆ ಅನ್ನಿ, ಇರ್ತಾರೆ ಅನ್ನಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನಿಗಾಗಿ ಎಷ್ಟೋ, ನನಗಾಗಿಯೂ ಅಷ್ಟೇ. ಮುಂದಿನ ಬೆಂಚಿನಲ್ಲಿ ಕೂರುವ ಇವರಿಗೆ ಗೊತ್ತಿರದಿದ್ದರೆ ಇನ್ನಾರಿಗೆ ಗೊತ್ತು? ಮೇಟ್ರನಮ್ಮನ ತುಟಿ ಅಲುಗಿತು, ನಿಂತಿತು.

"ನಂಗೊತ್ತಿಲ್ಲಪ್ಪ" ಅಂದರು. "ಇಲ್ಲಿ ನಾನಿದೀನಿ."

ಅವನು ಅವರ ಮುಖವನ್ನೇ ನೋಡುತ್ತಿದ್ದ. ಮತ್ತೆ ಮಾತಾಡಲಿಲ್ಲ.

ಕಣ್ಣು ಮುಚ್ಚಿಸಿ, ದುಪ್ಪಟಿ ಹೊದೆಸಿ ಎದ್ದಾಗ ವಾಚ್‌ಮನ್ ಓಡಿ ಬಂದ. "ಈಗ ಆಚೆ ಬರಬೇಡಿ ಮೇಟ್ರನಮ್ಮ. ಅವನ ತಮ್ಮಂದಿರು ದೊಣ್ಣೆ ತಂದವ್ರೆ. ಚಾಪೆಲ್ ಕಡೆಯೋರೂ ಬರಿಗೈಲಿ ಬಂದಿಲ್ಲ." ಕಿಟಕಿಯಿಂದ ನೋಡಿದೆ. ಜಗಲಿಯ ಒಂದು ಕಡೆ ಅವರು, ಒಂದು ಕಡೆ ಇವರು. ಮಧ್ಯೆ ಕಂಬಕ್ಕೆ ಒರಗಿ ಅವನ ಹೆಂಡತಿ ಒಬ್ಬಳೇ ಕುಳಿತಿದ್ದಳು. ತಮಟೆ ಜಗಳದ ದಿನ ಬೀದಿಯಲ್ಲಿ ಬಿದ್ದಿದ್ದ ರಕ್ತ ಕಣ್ಣ ಮುಂದೆ ಬಂತು.

"ಪ್ರಜ್ಞೆ ಇರ್ಲಿಲ್ಲ ಅಂದುಬಿಡಿ" ಎಂದು ಅವರ ಸೆರಗು ಹಿಡಿದೆ.

"ಇತ್ತಲ್ಲ."

"ಯಾರಿಗೆ ಗೊತ್ತಾಗತ್ತೆ?"

"ಅಷ್ಟು ಕಷ್ಟಪಟ್ಟು ಕೇಳಿದಾನೆ ಕಣಮ್ಮ. ಕೇಳ್ಲೇ ಇಲ್ಲ ಅಂತ ಹೆಂಗೆ ಹೇಳ್ಲಿ?" ಸೆರಗು ಬಿಡಿಸಿಕೊಂಡರು. ಅವರ ಕೈ ತಣ್ಣಗಿತ್ತು. ಅವರೂ ಹೆದರಿದ್ದಾರೆ ಎಂದು ನನಗೆ ಆಗ ತಿಳಿಯಿತು.

ಅವರ ಹಿಂದೆಯೇ ಬಾಗಿಲವರೆಗೆ ಹೋದೆ. ಮೇಟ್ರನಮ್ಮನನ್ನು ಕಂಡು ಎಲ್ಲರೂ ಎದ್ದರು. ತಮ್ಮಂದಿರಲ್ಲಿ ದೊಡ್ಡವನು ಮುಂದೆ ಬಂದ.

"ನಮ್ಮಣ್ಣ ಮಾರಮ್ಮನ್ನ ಕರೆದಿರ್ತಾನೆ. ಯೋಳಮ್ಮ, ಎದರ್ಕೋಬೇಡ."

"ಏಸಪ್ಪನ ಹೆಸರು ಹೇಳಿರ್ತಾನೆ, ಹೇಳಿ ಸಿಸ್ಟರ್" ಎಂದರು ಚಾಪೆಲ್ಲಿನ ಹಿರಿಯರೊಬ್ಬರು.

ಮೇಟ್ರನಮ್ಮ ಇಬ್ಬರ ಕಡೆಗೂ ನೋಡದೆ ಅವನ ಹೆಂಡತಿಗೆ ಹೇಳಿದರು. "ಭಯ ಆಗ್ತದೆ ಅಂದ. ಅಲ್ಲಿ ಯಾರಾದ್ರೂ ಇರ್ತಾರಾ ಅಂತ ಕೇಳಿದ. ಅದೇ ಕಡೇ ಮಾತು."

"ನೀವೇನಂದ್ರಿ?" ಎಂದರು ಹಿರಿಯರು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಸತ್ತವನ ಮಾತು ಹೇಳುವುದಷ್ಟೇ ಪದ್ಧತಿ. ನರ್ಸಿನ ಮಾತು ಹೇಳಬೇಕಾಗಿರಲಿಲ್ಲ.

"ಗೊತ್ತಿಲ್ಲ ಅಂದೆ."

ಹಿರಿಯರ ಮುಖ ಬಿಳಿಚಿಕೊಂಡಿತು. "ಗೊತ್ತಿಲ್ಲ ಅಂದ್ರಾ? ಸಾಯೋನಿಗಾ? ನೀವು?"

"ಸಾಯೋನಿಗೇ ಸುಳ್ಳು ಹೇಳಕ್ಕಾಗುತ್ತಾ ಅಯ್ಯಾ?"

"ಮುಚ್ಚಿಡ್ತಾವ್ಳೆ ಕಣ್ಲಾ ಇವ್ಳು" ಎಂದು ಹಿಂದಿನಿಂದ ಯಾರೋ ಅಂದರು. ದೊಣ್ಣೆಯೊಂದು ಜಗಲಿಯ ಕಲ್ಲಿಗೆ ತಗುಲಿದ ಸದ್ದು ಕೇಳಿತು. ನಾನು ಬಾಗಿಲ ಚಿಲಕ ಹುಡುಕುತ್ತಿದ್ದೆ.

ಆಗ ಅವನ ಹೆಂಡತಿ ಎದ್ದು ನಿಂತಳು. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಕೇಳಿಸಿಕೊಳ್ಳಲು ಎಲ್ಲರೂ ಸುಮ್ಮನಾಗಬೇಕಾಯಿತು.

"ನಿಜ ಅದು. ಕೆಳಗಿಳಿಯೋ ದಿನವೆಲ್ಲ ನನ್ನ ಕೇಳೋರು. ಇರ್ತಾರೆ, ಓಗ್ಬನ್ನಿ ಅಂತಿದ್ದೆ." ಮೈದುನನ ಕಡೆ ತಿರುಗಿದಳು. "ನಿನ್ನ ಕೇಳಿದ್ರೆ ನೀನು ಒಡೀತಿದ್ದೆ." ಹಿರಿಯರ ಕಡೆ ತಿರುಗಿದಳು. "ನಿಮ್ಮನ್ನ ಕೇಳಿದ್ರೆ ಬೆಂಕಿ ತೋರಿಸ್ತಿದ್ರಿ. ಇನ್ಯಾರನ್ನ ಕೇಳ್ಬೇಕಿತ್ತು ಅವ್ರು?"

ಅವಳೇ ಮೈದುನನಿಗೆ, "ಒಡಹುಟ್ಟಿದೋರು ನೀವು ಎತ್ತಿ. ನಮ್ಮೋರು ಬರೋರು ಬರ್ಲಿ" ಅಂದಳು. ಎತ್ತಿದರು. ಚಾಪೆಲ್ಲಿನವರು ಒಂದಷ್ಟು ಜನ ದೂರದಲ್ಲಿ ಹಿಂದೆ ಹಿಂದೆ ನಡೆದರು. ಅಂದು ಯಾರ ತಲೆಯೂ ಒಡೆಯಲಿಲ್ಲ.

ಸಿಟ್ಟೆಲ್ಲ ಆಮೇಲೆ ಮೇಟ್ರನಮ್ಮನ ಮೇಲೆ ತಿರುಗಿತು. ಅವರ ಮನೆಯ ಹೆಂಚಿನ ಮೇಲೆ ಕಲ್ಲು ಬಿದ್ದವು. ಯಾವ ಸಾಲಿನವರು ಎಸೆದರೋ ಗೊತ್ತಾಗಲಿಲ್ಲ. ಈ ಮೇಟ್ರನ್ ಮುಟ್ಟಿದರೆ ದೇವರು ದೂರವಾಗುತ್ತಾನೆ ಎಂದು ರೋಗಿಗಳು ಪಿಸುಗುಟ್ಟಿದರು. ಭಾನುವಾರ ಎಲ್ಲರೆದುರು ನಿಂತು, ಮನಸ್ಸು ಕೆಟ್ಟು ಹಾಗೆ ಅಂದೆ ಎಂದು ಹೇಳಿಬಿಟ್ಟರೆ ಸಾಕು ಅಂತ ಚಾಪೆಲ್ಲಿನ ಹಿರಿಯರು ಹೇಳಿ ಕಳಿಸಿದರು. ಮೇಟ್ರನಮ್ಮ ಹೇಳಲಿಲ್ಲ. ಚಾಪೆಲ್ಲಿಗೆ ಹೋಗುವುದನ್ನೂ ಬಿಡಲಿಲ್ಲ. ಮುಂದಿನ ಬೆಂಚಿನವರು ಜಾಗ ಕೊಡದ ಮೇಲೆ ಹಿಂದಿನ ಬೆಂಚಿಗೆ ಹೋದರು. ಆ ಬೆಂಚಿನಲ್ಲಿದ್ದವರು ಎದ್ದು ಬೇರೆ ಕಡೆ ಕೂತರು.

ನಮ್ಮಪ್ಪ ಕೆಮ್ಮುತ್ತಲೇ ಗದರಿದರು. "ಅವಳ ಜೊತೆ ತಿರುಗಬ್ಯಾಡ. ಎರಡು ದೇವರಿಗೂ ಆಗದೋಳು ಅವ್ಳು."

ಒಂದು ಭಾನುವಾರ ನಾನು ನಲ್ಲಿ ದಾಟಿದೆ. ಚಾಪೆಲ್ಲಿನ ಮೆಟ್ಟಿಲ ಹತ್ತಿರ ನಿಂತಾಗ ಬೆನ್ನ ಮೇಲೆ ಗುಳ್ಳೆ ಏಳುತ್ತಿದೆ ಅನ್ನಿಸಿತು. ಮುಟ್ಟಿ ನೋಡಿಕೊಂಡೆ. ಒಳಗೆ ಬರೀ ಬೆನ್ನುಗಳು, ಹಾಡು. ಹಿಂದಿನ ಬೆಂಚಿನಲ್ಲಿ ಅವರೊಬ್ಬರೇ. ಹೋಗಿ ಕೂತೆ. ಮೇಟ್ರನಮ್ಮ ತಿರುಗಿ ನೋಡಿದರು. ಅಪಚಾರವಾಯಿತೇನೋ ಎಂದುಕೊಂಡೆ.

"ಹಸಿದುಕೊಂಡು ಬಂದಿದೀಯಾ?" ಎಂದು ಪಿಸುಗುಟ್ಟಿದರು.

"ಇಲ್ಲ."

"ಮತ್ಯಾಕೆ ನಡುಗ್ತಿದೀಯ?"

"ಭಯ."

"ಸರಿ" ಅಂದು ತಮ್ಮ ಕೊಡೆಯನ್ನು ಕೆಳಗಿಟ್ಟು ನನಗೆ ಜಾಗ ಮಾಡಿದರು. ಹಾಡು ಮುಗಿಯುವವರೆಗೆ ಅಲ್ಲೇ ಕೂತಿದ್ದೆ.

ವಯಸ್ಸಾಗಿ ಕೆಲಸದಿಂದ ಬಿಡುಗಡೆಯಾದ ಮೇಲೆ ಅವರು ಬಂಗಾರಪೇಟೆಗೆ ಹೋದರು. ರೈಲು ನಿಲ್ದಾಣದ ಹಿಂದೆ, ಅಕ್ಕಿ ಗಿರಣಿಯ ಪಕ್ಕ ಒಂದು ಕೋಣೆ. ರಜೆ ಸಿಕ್ಕಾಗ ಪ್ಯಾಸೆಂಜರ್ ರೈಲು ಹಿಡಿದು ಹೋಗುತ್ತಿದ್ದೆ. ಮಂಚದ ದುಪ್ಪಟಿಯ ಮೂಲೆ ಹಾಗೇ ನೇರವಾಗಿರುತ್ತಿತ್ತು, ಗಿರಣಿಯ ಹೊಟ್ಟು ಮಾತ್ರ ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಗೊತ್ತಿಲ್ಲ ಅಂದವರು ಚಾಪೆಲ್ಲಿಗೆ ಯಾಕೆ ಹೋಗ್ತೀರಿ?"

"ಗೊತ್ತಿದ್ರೆ ಮನೇಲೇ ಇರ್ತಿದ್ದೆ" ಅಂದರು. ನಗಲಿಲ್ಲ. ದುಪ್ಪಟಿಯ ಮೇಲಿನ ಹೊಟ್ಟು ಕೊಡವುತ್ತ, "ದಿನಾ ಕೇಳ್ತೀನಿ ಕಣಮ್ಮ. ಉತ್ತರ ಬಂದಿಲ್ಲ. ಕೇಳೋದು ನಿಲ್ಲಿಸಿದ್ರೆ ಇನ್ನೂ ಭಯ" ಅಂದರು.

ಅವರು ತೀರಿಕೊಂಡಾಗ ನಾನು ಡ್ಯೂಟಿಯಲ್ಲಿದ್ದೆ. ಗಿರಣಿಯ ಕೂಲಿ ಹೆಂಗಸೊಬ್ಬಳು ಬೆಳಿಗ್ಗೆ ಬಾಗಿಲು ತಟ್ಟಿ ನೋಡಿದಳಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಅವರು ಕೊನೆಗೆ ಏನೆಂದರೋ ತಿಳಿಯದು. ಇಷ್ಟು ವರ್ಷದಲ್ಲಿ ನಾನು ಅದನ್ನು ಊಹಿಸಲೂ ಹೋಗಿಲ್ಲ.

ಚಿಕ್ಕವಳಾಗಿದ್ದಾಗ ದೇವರು ಹೊಡೆದಾನು ಎಂದು ಹೆದರುತ್ತಿದ್ದೆ. ಅದು ಯಾವಾಗಲೋ ಹೋಯಿತು. ಈಗಿನ ಹೆದರಿಕೆ, ಕೈ ಮುಗಿದ ಕಡೆ ಯಾರೂ ಇಲ್ಲದಿದ್ದರೆ ಎಂಬುದು. ಹಾಗೆ ಅನ್ನಿಸಿದ ದಿನವೂ ಸ್ನಾನ ಮಾಡಿ ದೇವರ ಮುಂದೆ ದೀಪ ಹಚ್ಚುತ್ತೇನೆ. ಕಡ್ಡಿ ಗೀರುವಾಗ ಕೈ ನಡುಗುತ್ತದೆ. ಮೊನ್ನೆ ಸೊಸೆ ನೋಡಿ, "ವಯಸ್ಸಾಯ್ತು ಅತ್ತೆ, ಇನ್ನು ನಾನು ಹಚ್ತೀನಿ ಬಿಡಿ" ಎಂದಳು.

"ಅರ್ಧ ವಯಸ್ಸು, ಅರ್ಧ ಭಯ" ಅಂದೆ.

ಅವಳು ಏನು ಭಯ ಎಂದು ಕೇಳಿದಳು. ಒಲೆಯ ಮೇಲಿನ ಹಾಲು ಇಳಿಸಿ ಬಾ ಎಂದೆ. ಬಂದ ಮೇಲೆ ಕೂರಿಸಿಕೊಂಡು, ಇದ್ದದ್ದನ್ನು ಇದ್ದಹಾಗೆ ಹೇಳಿದೆ.