ಬಾನೆಟ್ಟಿನ ಜ್ವರ

ನನಗೆ ಮಾತು ಕಲಿಸಿದವರು ದೊಡ್ಡಪ್ಪ. ಅಜ್ಜಂಪುರದ ಅಮೃತಮಹಲ್ ದನಗಳ ನಡುವೆಯೇ ಆಯುಸ್ಸು ಕಳೆದ ಅವರಿಗೆ ಲೋಕದಲ್ಲಿರುವುದೆಲ್ಲ ಒಂದಲ್ಲ ಒಂದು ದನ. ಸಿಟ್ಟಿನ ಮನುಷ್ಯನನ್ನು ಕಂಡರೆ, ‘ಹಾಯ್ತದೆ, ದೂರ ನಿಲ್ಲು’ ಎನ್ನುವರು. ಅವರಿಂದ ಅಷ್ಟೆಲ್ಲ ಕಲಿತ ನಾನು ಒಂದು ಮಾತಿಗೆ ಮಾತ್ರ ನಕ್ಕುಬಿಟ್ಟೆ.

ನನ್ನ ಹೆಂಡತಿಗೆ ಎರಡೂ ಕಿಡ್ನಿ ಸೋತಿವೆ. ವಾರಕ್ಕೆ ಮೂರು ದಿನ ತರೀಕೆರೆಯಲ್ಲಿ ಡಯಾಲಿಸಿಸ್, ಬೆಳಗಿನ ಮೊದಲ ಪಾಳಿ. ಮುಗಿಸಿ ಬರುವಾಗ ಅವಳಿಗೆ ಕೂರುವ ತ್ರಾಣವೂ ಇರುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿಕೊಂಡು ಬರುತ್ತಿದ್ದಳು. ಮನೆ ಸೇರಿದ ಮೇಲೂ ಹಣೆಯಲ್ಲಿ ಕಂಬಿಯ ಗೆರೆ.

‘ಮಲ್ಕೊಂಡ್ ಬರೋ ಹಂಗಿದ್ರೆ ಸಾಕಿತ್ತು ಕಣ್ರೀ’ ಅಂದಳು ಒಮ್ಮೆ.

ಏನನ್ನೂ ಕೇಳುವವಳಲ್ಲ ಅವಳು. ಹಿಂದಿನ ಸೀಟು ಅಗಲವಾಗಿರುವ, ಹತ್ತಲು ಎತ್ತರವಿಲ್ಲದ, ವರ್ಷಗಟ್ಟಲೆ ಕೈಕೊಡದ ಒಂದು ಹಳೆಯ ಸೆಡಾನ್ ಹುಡುಕಹೊರಟೆ.

ಕಡೂರಿನಲ್ಲಿ ಒಂದಿತ್ತು, ಬೂದು ಬಣ್ಣದ ಡೀಸೆಲ್ ಗಾಡಿ. ದೊಡ್ಡಪ್ಪನೂ ಜೊತೆಗೆ ಬಂದಿದ್ದರು. ನಾನು ಟೈರು ಒದ್ದು ನೋಡಿದೆ, ಬಾಗಿಲು ತೆಗೆದು ಹಾಕಿದೆ, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ನಾನೇ ಮಲಗಿದೆ. ಅವಳಿಗೆ ಧಾರಾಳವಾಯಿತು. ದೊಡ್ಡಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದರು.

‘ಮೂತಿ ಬಿಸಿ ಐತೆ ಕಣೋ. ಗಟ್ಟಿ ದನದ ಮೂತಿ ತಣ್ಣಗೆ ಒದ್ದೆಯಾಗಿರ್ಬೇಕು. ಇದಕ್ಕೆ ಜ್ವರ. ಬ್ಯಾಡ.’

ಮಾರುವವನು ನಕ್ಕ. ‘ಅಜ್ಜಾರೇ, ಇದು ಮೇವು ತಿನ್ನಲ್ಲ, ಡೀಸೆಲ್ ಕುಡೀತದೆ! ಈಗ್ತಾನೆ ಬೀರೂರಿಗೆ ಹೋಗ್ಬಂದೆ, ಅದ್ಕೆ ಬಿಸಿ.’

‘ನಾವ್ ಬತ್ತೀವಿ ಅಂತ ಗೊತ್ತಿದ್ದೂ ಬೀರೂರಿಗ್ಯಾಕೆ ಹೋದೆಯಪ್ಪಾ?’

‘ಸುಮ್ನಿರಿ ದೊಡ್ಡಪ್ಪಾ’ ಎಂದೆ. ನಾಚಿಕೆಯಾಗಿ ನಾನೂ ನಕ್ಕೆ. ಕೀಲಿ ತಿರುಗಿಸಿದರೆ ಮೊದಲ ಸಲಕ್ಕೇ ಹತ್ತಿಕೊಂಡಿತು. ಅಂದೇ ತಂದೆವು.

ಬೇಸಿಗೆಯಿಡೀ ಅವಳು ಮಲಗಿಕೊಂಡೇ ಬಂದಳು. ದಾರಿಯಲ್ಲಿ ಅವಳ ಗೊರಕೆ ಕೇಳಿ ನನಗೆ ಅಳು ಬರುವಷ್ಟು ಸಂತೋಷ. ಆಮೇಲೆ ಚಳಿ ಬಿತ್ತು. ಒಂದು ಬೆಳಿಗ್ಗೆ ಗಾಡಿ ನರಳಿ ನಿಂತಿತು. ನಾನು ಹಟ ಹಿಡಿದು ಕೀಲಿ ತಿರುಗಿಸುತ್ತಲೇ ಇದ್ದೆ. ಅಷ್ಟರಲ್ಲಿ ಮೊದಲ ಬಸ್ಸೂ ಹೋಯಿತು, ಪಾಳಿಯೂ ಹೋಯಿತು. ಮರುದಿನಕ್ಕೆ ಅವಳ ಕಾಲು ಬಾತು, ಉಸಿರಿಗೆ ಒದ್ದಾಡಿದಳು.

ಮೆಕ್ಯಾನಿಕ್ ಇಂಜಿನ್ ನೋಡಿ ಕೇಳಿದ್ದು ಒಂದೇ ಮಾತು: ‘ತಗೊಳೋ ದಿನ ಬಾನೆಟ್ ಬಿಸಿ ಇತ್ತಾ ಸಾರ್?’

ಹೌದೆಂದು ತಲೆಯಾಡಿಸಿದೆ.

‘ಇಂಜಿನ್ ಸವೆದೋಗೈತೆ. ಬಿಸಿ ಇದ್ರೆ ಹತ್ತುತ್ತೆ, ಬೇಸ್ಗೇಲೂ ಹೆಂಗೋ ಹತ್ತುತ್ತೆ, ಚಳೀಲಿ ತಣ್ಣಗಾದ್ರೆ ಇಲ್ಲ. ಮೊದ್ಲೇ ಬಿಸಿ ಮಾಡಿಟ್ಟು ತೋರ್ಸವ್ರೆ ನಿಮ್ಗೆ. ಬಿಚ್ಚಿ ಕಟ್ಟಿದ್ರೂ ನಾನ್ ಗ್ಯಾರಂಟಿ ಹೇಳಲ್ಲ.’

ದೊಡ್ಡಪ್ಪ ಇವತ್ತಿನವರೆಗೂ ‘ನಾನ್ ಹೇಳಿರ್ಲಿಲ್ವಾ’ ಅಂದಿಲ್ಲ. ಅಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಈಗ ನಮ್ಮದೊಂದು ಕಟ್ಟಳೆ: ಮೂರು ಸಲ ಮಾತ್ರ ಕೀಲಿ, ಆಮೇಲೆ ಬಸ್ಸು. ಇವತ್ತು ಬೆಳಿಗ್ಗೆಯೂ ಅವಳು ದಿಂಬು ಹಿಡಿದು ಹಿಂದೆ ಹತ್ತಿದಳು. ನಾನು ಬಾನೆಟ್ಟಿನ ಮೇಲಿನ ಇಬ್ಬನಿ ಒರೆಸಿದೆ. ತಣ್ಣಗೆ, ಒದ್ದೆಯಾಗಿ, ಥೇಟ್ ಗಟ್ಟಿ ದನದ ಮೂತಿಯ ಹಾಗೇ ಇತ್ತು. ಕೀಲಿ ತಿರುಗಿಸಿದೆ. ನರಳಿತು.

‘ಇನ್ನೊಂದ್ಸಲ ನೋಡ್ರೀ.’

ನೋಡಿದೆ. ಮೂರನೆಯದಕ್ಕೂ ನರಳಿತಷ್ಟೇ. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ದಿಂಬನ್ನು ಸೀಟಿನ ಮೇಲೇ ಬಿಟ್ಟು, ಗೋಡೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.