ಕೊಬ್ಬರಿ ಅಟ್ಟದ ಪೌಡರು ಹೆಜ್ಜೆ

ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಸುತ್ತಮುತ್ತ ಕೊಬ್ಬರಿ ಒಡೆಯುವ ಹೆಂಗಸರಿಗೇನೂ ಬರವಿರಲಿಲ್ಲ. ಆದರೂ ಶ್ರೀರಾಂಪುರದ ಕಡೆಯ ಗಿರಿಯಮ್ಮನಿಗೆ ಹೇಳಿ ಕಳಿಸಿ, ಅವಳು ಬರುವ ತನಕ ಅಟ್ಟದ ಕಾಯಿ ಇಳಿಸದೆ ಕಾಯುವ ತೋಟದವರಿದ್ದರು. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳಿಗೆ ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಗಿಟುಕಾಗಿ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಚಿಪ್ಪು ಒಡೆದು ಆ ಗಿಟುಕನ್ನು ಇಡಿಯಾಗಿ ತೆಗೆದರೆ ಒಂದು ಬೆಲೆ, ಸೀಳಿದರೆ ಅದರ ಅರ್ಧ. ಗಿರಿಯಮ್ಮನ ಕತ್ತಿಯ ಕೆಳಗೆ ನೂರಕ್ಕೆ ಎರಡು ಸೀಳಿದವು ಎಂದರೆ ಆವತ್ತು ಅವಳಿಗೆ ಜ್ವರ ಬಂದಿದೆ ಅಂತಲೇ ಅರ್ಥ.

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಕುರಿ ಕಾಯುವವನನ್ನೇ ಕಟ್ಟಿಕೊಂಡು, ಮೂವತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡವಳು. ಕುರಿಗಳು ಮೈದುನರ ಪಾಲಾದವು, ಕತ್ತಿ ಇವಳ ಪಾಲಿಗೆ ಬಂತು. ಹನ್ನೊಂದು ವರ್ಷ ಕಂಡವರ ಅಟ್ಟದ ಕೆಳಗೆ ಮಲಗಿ ಎದ್ದಿದ್ದಳು. ಒಬ್ಬರ ಮನೆಯ ಕಡ್ಡಿಯನ್ನೂ ಮುಟ್ಟಿದವಳಲ್ಲ. ಬಾಯಿಯ ವಿಚಾರ ಮಾತ್ರ ಕೇಳಬೇಡಿ. ಮಾಲೀಕರು ಕಾಫಿಗೆ ಬೆಲ್ಲ ಕಮ್ಮಿ ಹಾಕಿಸಿದರೆ ಅದನ್ನು ಬೀದಿಗೆಲ್ಲ ತಿಳಿಸಿಯೇ ಲೋಟ ತೊಳೆಯುತ್ತಿದ್ದಳು.

ಎಪ್ಪತ್ನಾಲ್ಕನೇ ಇಸವಿ, ಶಿವರಾತ್ರಿ ಕಳೆದ ಮೇಲೆ, ಹೊಸದುರ್ಗದ ಪಾಪಣ್ಣನ ಮನೆಗೆ ಎರಡು ತಿಂಗಳ ಕೆಲಸಕ್ಕೆ ಬಂದಳು. ದೊಡ್ಡ ಮನೆ, ದೊಡ್ಡ ಅಟ್ಟ. ಮನೆಯಲ್ಲಿರುವವರು ಮಾತ್ರ ಗಂಡ ಹೆಂಡತಿ ಇಬ್ಬರೇ, ಪಾಪಣ್ಣ ಮತ್ತು ಗಂಗಕ್ಕ. ಒಬ್ಬಳೇ ಮಗಳು ಚಂದ್ರಕ್ಕ ಹೊಳಲ್ಕೆರೆಯ ಟೈಲರೊಬ್ಬನನ್ನು ತಾನೇ ಮೆಚ್ಚಿ ಮದುವೆಯಾಗಿ ಎರಡು ವರ್ಷವಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರೆತ್ತಿದವರಿಲ್ಲ. ಈ ಮನೆಯ ಒಂದು ಕಾಳೂ ಅವಳ ಹೊಸ್ತಿಲು ಮುಟ್ಟಬಾರದು ಎಂದು ಪಾಪಣ್ಣ ದೇವರ ದೀಪದ ಮುಂದೆ ನಿಂತು ಹೇಳಿಬಿಟ್ಟಿದ್ದ.

ಅಟ್ಟದ ಏಣಿ ಇಳಿದರೆ ಸಿಗುವ ಕೋಣೆಯೇ ಗಿರಿಯಮ್ಮನ ಬಿಡಾರ. ಅಲ್ಲಿ ಆಗಲೇ ಒಂದು ಹುಡುಗಿ ಟ್ರಂಕು ಇಟ್ಟುಕೊಂಡು ಕೂತಿತ್ತು. ತಾಲ್ಲೂಕು ಕಚೇರಿಗೆ ಎರಡು ತಿಂಗಳ ಮಟ್ಟಿಗೆ ಚಿತ್ರದುರ್ಗದಿಂದ ಬಂದ ಟೈಪಿಸ್ಟು. ಹೆಸರು ಹುಚ್ಚಕ್ಕ. ಮೊದಲು ಹುಟ್ಟಿದ ಎರಡು ಕೂಸು ಉಳಿಯಲಿಲ್ಲವೆಂದು, ಇದಾದರೂ ಉಳಿಯಲಿ ಅಂತ ಹೆತ್ತವರು ಇಟ್ಟ ಹೆಸರು. ಅದನ್ನು ಕಚೇರಿಯಲ್ಲಿ ಯಾರಾದರೂ ಗಟ್ಟಿಯಾಗಿ ಕರೆದರೆ ಹುಡುಗಿಯ ಮುಖ ಹುಣಸೆಹಣ್ಣಾಗುತ್ತಿತ್ತು.

ಎಣ್ಣೆ ಸೀಗೆಕಾಯಿ ಅಂತಾರಲ್ಲ, ಹಾಗೆ ಕೂಡಿದ್ದರು ಇಬ್ಬರೂ. ಇವಳು ಕೋಳಿ ಕೂಗುವ ಮುಂಚೆ ಎದ್ದು ಕತ್ತಿ ಮಸೆಯುವವಳು, ಅವಳು ಎಂಟಕ್ಕೆ ಎದ್ದು ಪೌಡರು ಹಚ್ಚುವವಳು. ಇವಳ ಕಂಬಳಿಯ ವಾಸನೆ ಅವಳಿಗಾಗದು, ಅವಳ ಪೌಡರಿನ ಘಾಟಿಗೆ ಇವಳಿಗೆ ಸೀನು. ಹುಡುಗಿ ಕೋಣೆಯ ನಡುವೆ ಹಗ್ಗ ಕಟ್ಟಿ ಸೀರೆ ಇಳಿಬಿಟ್ಟು ಗಡಿ ಮಾಡಿಕೊಂಡಿತು. ಗಡಿಯಾಚೆ ಕೂತು ಓದುತ್ತಿದ್ದದ್ದು ಬರೀ ಪತ್ತೇದಾರಿ ಕಾದಂಬರಿ. ಓದಿದ ವಿದ್ಯೆ ಸುಮ್ಮನಿರಬೇಕಲ್ಲ. ಹಳ್ಳಿ ಹೆಂಗಸಿನ ಮೇಲೆ ಒಂದು ಕಣ್ಣಿರಲಿ ಎಂದು ದಿನಾ ಕಚೇರಿಗೆ ಹೋಗುವಾಗ ಟ್ರಂಕಿನ ಮುಚ್ಚಳದ ಸಂದಿಗೆ ತನ್ನದೊಂದು ಕೂದಲು ಅಂಟಿಸಿ ಹೋಗುತ್ತಿತ್ತು. ಸಂಜೆ ಬಂದು ನೋಡಿದರೆ ಕೂದಲಿಲ್ಲ. ಇರುವುದಾದರೂ ಹೇಗೆ? ಉಣ್ಣುವ ಜಾಗದಲ್ಲಿ ಈ ಹುಡುಗಿ ಕೂದಲು ಉದುರಿಸುತ್ತದಲ್ಲ ಎಂದು ಬೈದುಕೊಳ್ಳುತ್ತ ಗಿರಿಯಮ್ಮ ದಿನಾ ಅದನ್ನು ಗುಡಿಸಿ ಹಾಕುತ್ತಿದ್ದಳು. ಹುಚ್ಚಕ್ಕ ಆರು ದಿನ ಟ್ರಂಕು ಬಗೆದು ಬಗೆದು ಏನು ಕಳುವಾಗಿದೆ ಎಂದು ಹುಡುಕಿತು.

ಮೂರನೇ ವಾರಕ್ಕೆ ನಿಜವಾದ ಕಳವೇ ಬೆಳಕಿಗೆ ಬಂತು. ಸೋಮವಾರ ಕೊಬ್ಬರಿ ವ್ಯಾಪಾರದವನು ಬಂದವನು ಅಟ್ಟ ಹತ್ತಿ ಕೈಗೆ ಸಿಕ್ಕ ಕಾಯಿ ಅಲ್ಲಾಡಿಸಿದ. ಗಡಗಡ ಅನ್ನಬೇಕಾದದ್ದು ಗುಳುಗುಳು ಎಂದಿತು. ಹನ್ನೊಂದು ತಿಂಗಳ ಕಾಯಿಯಲ್ಲಿ ನೀರೆಲ್ಲಿಂದ ಬಂತು? ಕೆದಕಿದರೆ ಅಂಥವು ಮೂವತ್ತರ ಮೇಲಿದ್ದವು. ಯಾರೋ ಮಾಗಿದ ಗಿಟುಕು ಒಯ್ದು, ಹಸಿ ಕಾಯಿ ತಂದಿಟ್ಟು, ರಾಶಿ ಇಳಿಯದಂತೆ ನೋಡಿಕೊಂಡಿದ್ದರು. ವ್ಯಾಪಾರದವನು ನಕ್ಕ. ಆ ನಗುವೇ ಪಾಪಣ್ಣನಿಗೆ ಕಾಯಿ ಹೋದದ್ದಕ್ಕಿಂತ ಹೆಚ್ಚು ಉರಿಯಿತು.

ಜಗಲಿಯ ಮೇಲೆ, ಜೊತೆಗೆ ಒಡೆಯುವ ಹೆಂಗಸರ ಮುಂದೆಯೇ ಗಿರಿಯಮ್ಮನನ್ನು ಕೇಳಿಬಿಟ್ಟ. ಅಟ್ಟದ ಏಣಿ ಇರುವುದು ಯಾರ ಕೋಣೆಯಲ್ಲಿ? ಯಾವ ಕಾಯಿ ಮಾಗಿದೆ ಅಂತ ಮುಟ್ಟಿ ಹೇಳುವವರು ಯಾರು? ಮುಂದಿನ ಸೋಮವಾರ ವ್ಯಾಪಾರದವನು ಮತ್ತೆ ಬರುತ್ತಾನೆ, ಅಷ್ಟರಲ್ಲಿ ಒಪ್ಪಿಕೊಂಡರೆ ಸರಿ, ಇಲ್ಲದಿದ್ದರೆ ಕೊಬ್ಬರಿ ಮಂಡಿಯಲ್ಲಿ ನಿಂತು ಹೆಸರು ಹೇಳುತ್ತೇನೆ ಎಂದ. ಅಲ್ಲಿಯ ತನಕ ಕೆಲಸವೂ ಬಂದ್ ಎಂದು ಉಳಿದ ಹೆಂಗಸರನ್ನು ಮನೆಗೆ ಕಳಿಸಿ ಬಾಗಿಲು ಹಾಕಿಸಿದ.

ಬೇರೆ ದಿನವಾಗಿದ್ದರೆ ಗಿರಿಯಮ್ಮನ ಬಾಯಿಗೆ ಹೊಸದುರ್ಗ ಸಾಲುತ್ತಿರಲಿಲ್ಲ. ಆವತ್ತು ಅವಳ ಕಣ್ಣಿಗೆ ಕಂಡದ್ದು ಮಂಡಿಯೊಂದೇ. ಮಂಡಿಯಲ್ಲಿ ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ಶ್ರೀರಾಂಪುರದಿಂದ ಹಿರಿಯೂರಿನವರೆಗೆ ಯಾವ ತೋಟದವರೂ ಅವಳನ್ನು ಅಟ್ಟದ ಕೆಳಗೆ ಮಲಗಗೊಡುವುದಿಲ್ಲ. ಕೋಣೆಗೆ ಬಂದು ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಗೋಡೆಗೆ ಒರಗಿ ಕೂತಳು. ಅನ್ನ ಸೇರಲಿಲ್ಲ. ಅಳುವುದಕ್ಕೂ ಅವಳಿಗೆ ಸಿಟ್ಟು ಅಡ್ಡ ಬರುತ್ತಿತ್ತು.

ಹುಚ್ಚಕ್ಕ ಆ ಸಂಜೆ ಸೀರೆಯ ಗಡಿ ಸರಿಸಿ ಈಚೆ ಬಂದಿತು. ಮೊದಲು ಕೂದಲಿನ ವಿಚಾರ ಕೇಳಿತು. ಗಿರಿಯಮ್ಮ ಕೂದಲು ಗುಡಿಸಿದ್ದನ್ನು ಹೇಳಿ, ಹೆಣ್ಣು ಹುಡುಗಿ ತಲೆ ಬಾಚುವುದು ಹಿತ್ತಲಲ್ಲಿ ಎಂದು ನಾಲ್ಕು ಬುದ್ಧಿಮಾತನ್ನೂ ಸೇರಿಸಿದಳು. ಹುಡುಗಿ ನಾಚಿಕೊಂಡೇ ಒಂದು ನೋಟುಪುಸ್ತಕ ತೆಗೆಯಿತು. ಆಮೇಲೆ, ಈ ಕೇಸು ತನ್ನದು ಎಂದಿತು.

ನಾಲ್ಕು ದಿನ ಆ ಹುಡುಗಿ ಮಾಡಿದ ತನಿಖೆಯನ್ನು ಏನು ಹೇಳಲಿ. ಕೊಟ್ಟಿಗೆಯಲ್ಲಿ ಸಿಕ್ಕ ಬೀಡಿ ತುಂಡನ್ನು ಕಾಗದದಲ್ಲಿ ಕಟ್ಟಿಟ್ಟುಕೊಂಡಿತು. ಅದು ಪಾಪಣ್ಣನದೇ ಬೀಡಿ. ಹಾಲಿನವನನ್ನು ಬಸ್ ಸ್ಟ್ಯಾಂಡಿನ ತನಕ ಹಿಂಬಾಲಿಸಿತು. ಅವನು ಹಿಂದಿರುಗಿ, ಹಾಲು ಬೇಕೇನವ್ವ ಎಂದು ಕೇಳಿದ. ಶನಿವಾರದ ಹೊತ್ತಿಗೆ ಅದರ ನೋಟುಪುಸ್ತಕದಲ್ಲಿ ಹದಿನಾಲ್ಕು ಜನ ಸಂಶಯದವರು ಸೇರಿದ್ದರು.

ಭಾನುವಾರ ಮಾತ್ರ ಅದಕ್ಕೊಂದು ಒಳ್ಳೆಯ ಬುದ್ಧಿ ಹೊಳೆಯಿತು. ಪಾಪಣ್ಣ ತೋಟಕ್ಕೆ ಹೋದ ಮೇಲೆ ಅಟ್ಟ ಹತ್ತಿ, ಏಣಿಯ ತಲೆಯಿಂದ ರಾಶಿಯವರೆಗೆ ಹಲಗೆಯ ಮೇಲೆ ತನ್ನ ಪೌಡರು ಡಬ್ಬಿಯನ್ನು ಪೂರ್ತಿ ಕೊಡವಿತು. ಅರ್ಧ ತಿಂಗಳಿಗೆ ಆಗುವ ಪೌಡರು. ಆಮೇಲೆ ಇಬ್ಬರೂ ಗಂಗಕ್ಕನಿಗೆ ಕೇಳುವಂತೆ ಕೂಗಿ ಹೇಳಿ ಬಟ್ಟೆ ಒಗೆಯಲು ಕೆರೆಗೆ ಹೊರಟರು.

ನಾಲ್ಕು ಗಂಟೆಗೆ ಬಂದು ಹತ್ತಿ ನೋಡಿದರೆ ಹಲಗೆಯ ಮೇಲೆ ಹೆಜ್ಜೆಗಳು ಮೂಡಿದ್ದವು. ಹುಚ್ಚಕ್ಕ ಅಳತೆ ಪಟ್ಟಿ ತೆಗೆಯಿತು, ಇಷ್ಟುದ್ದ, ಇಷ್ಟಗಲ ಎಂದು ಬರೆದುಕೊಂಡಿತು. ಆದರೆ ಯಾರದು? ಅದರ ಪುಸ್ತಕಗಳಲ್ಲಿ ಕಳ್ಳರೆಲ್ಲ ಬೂಟು ಹಾಕಿಕೊಂಡೇ ಬರುತ್ತಿದ್ದರು, ಬರಿಗಾಲಿನ ಕಳ್ಳನ ಪಾಠ ಅದಕ್ಕೆ ಆಗಿರಲಿಲ್ಲ.

ಗಿರಿಯಮ್ಮ ಕುಕ್ಕರಗಾಲಲ್ಲಿ ಕೂತು ನೋಡಿದಳು. ಕುಂಟುವ ಕುರಿ ಯಾವುದು, ಗಬ್ಬದ ಕುರಿ ಯಾವುದು ಎಂದು ಮಣ್ಣು ನೋಡಿ ಹೇಳುವವರ ಮಗಳು. ಹೆಬ್ಬೆರಳಿನ ಪಕ್ಕದ ಬೆರಳಿನ ಬುಡದಲ್ಲಿ, ಎರಡೂ ಪಾದಕ್ಕೆ, ಅಡ್ಡಕ್ಕೆ ಗೀರಿದಂತೆ ಒಂದೊಂದು ಗುರುತು. ಕಾಲುಂಗುರ.

ಗಿರಿಯಮ್ಮ ತನ್ನ ಕಾಲು ನೋಡಿಕೊಂಡಳು. ಗಂಡ ಸತ್ತ ಹನ್ನೊಂದನೇ ದಿನ ಬಿಚ್ಚಿದ ಉಂಗುರ, ಅಂದಿನಿಂದ ಬೋಳು ಬೆರಳು. ಮದುವೆ ಮುಂಜಿಯಲ್ಲಿ ಸೀರೆಯಂಚಿನಲ್ಲಿ ಮುಚ್ಚಿಕೊಂಡು ಕೂರುತ್ತಿದ್ದ ಆ ಬೆರಳೇ ಈಗ ಅವಳು ಕಳ್ಳಿಯಲ್ಲ ಎಂದು ಸಾಕ್ಷಿ ಹೇಳುತ್ತಿತ್ತು. ಹುಚ್ಚಕ್ಕನಿಗೋ ಮದುವೆಯೇ ಆಗಿರಲಿಲ್ಲ. ಒಡೆಯುವ ಹೆಂಗಸರು ಒಂದು ವಾರದಿಂದ ಈ ಮನೆ ಮೆಟ್ಟಿಲು ಹತ್ತಿರಲಿಲ್ಲ. ಬಾಗಿಲು ಹಾಕಿದ ಮನೆಯೊಳಗೆ ಕಾಲುಂಗುರದ ಕಾಲು ಒಬ್ಬಳದೇ.

ಹುಡುಗಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾಳೆ ಎಲ್ಲರನ್ನೂ ಸಾಲಾಗಿ ಕೂರಿಸಿ ಕಡೆಗೆ ಹೆಸರು ಹೇಳಬೇಕು ಎಂದಿತು. ಗಿರಿಯಮ್ಮ ಅದರ ಬಾಯಿ ಮುಚ್ಚಿಸಿ, ಒಬ್ಬಳೇ ಅಡುಗೆಮನೆಗೆ ಹೋದಳು. ಗಂಗಕ್ಕ ಒಲೆಯ ಮುಂದೆ ಬೆಲ್ಲದ ಪಾಕಕ್ಕೆ ತುರಿದ ಕೊಬ್ಬರಿ ಹಾಕಿ ಅಂಟಿನ ಉಂಡೆ ಕಟ್ಟುತ್ತಿದ್ದಳು. ಬಾಣಂತಿಗಲ್ಲದೆ ಯಾರೂ ಕಟ್ಟದ ಉಂಡೆ. ಅವಳ ಸೀರೆಯಂಚಿಗೆ ಪೌಡರು ಹತ್ತಿತ್ತು.

ಕೇಳುವುದೇ ಬೇಕಾಗಲಿಲ್ಲ, ಗಂಗಕ್ಕ ತಾನೇ ಹೇಳಿಕೊಂಡಳು. ಚಂದ್ರಕ್ಕನಿಗೆ ಹೆರಿಗೆಯಾಗಿ ಹದಿನೆಂಟು ದಿನ. ಟೈಲರನಿಗೆ ಹೆತ್ತವರಿಲ್ಲ, ಬಾಣಂತಿಗೆ ಒಂದು ಉಂಡೆ ಕಟ್ಟಿಕೊಡುವ ಜೀವವಿಲ್ಲ. ಮಗಳ ಬಸಿರಿಗೆ ಏಳು ತಿಂಗಳಾದಾಗಿನಿಂದಲೇ ಎರಡೆರಡು ಗಿಟುಕು ಇಳಿಸಿ, ಬಚ್ಚಲ ಹಿಂದಿನ ಮರದ ಕಾಯಿ ಆ ಜಾಗಕ್ಕಿಟ್ಟು, ಹೂವು ಮಾರುವವಳ ಕೈಯಲ್ಲಿ ಹೊಳಲ್ಕೆರೆ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದಳು. ಗಂಡನಿಗೆ ತಿಳಿದರೆ ಅದೂ ನಿಲ್ಲುತ್ತದೆ.

“ನಿನ್ನ ಮಗಳ ಉಂಡೆಗೆ ನನ್ನ ಮಾನ ತುರಿದು ಹಾಕಿದ್ಯಲ್ಲವ್ವ,” ಎಂದಳು ಗಿರಿಯಮ್ಮ.

ಗಂಗಕ್ಕ ಮುಖ ಮುಚ್ಚಿಕೊಂಡಳು. ಗಿರಿಯಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಪಾಕ ತಳ ಹತ್ತುವ ವಾಸನೆ ಬಂತು. ಹಾಳಾದ್ದು, ಬಾಣಂತಿಯ ಉಂಡೆ ಸೀದು ಹೋಗಬಾರದು. ಪಕ್ಕದಲ್ಲಿ ಕೂತು, ಬೈಯುತ್ತಲೇ ಸೌಟು ತಿರುವಿದಳು. ಇಬ್ಬರೂ ಸೇರಿ ಇಪ್ಪತ್ತೆರಡು ಉಂಡೆ ಕಟ್ಟಿದರು. ನಾಳೆ ನಾನು ಸುಮ್ಮನಿರುವವಳಲ್ಲ ಎಂದೂ ಹೇಳಿಯೇ ಎದ್ದಳು.

ಸೋಮವಾರ ಬೆಳಿಗ್ಗೆ ಜಗಲಿಯ ಮೇಲೆ ವ್ಯಾಪಾರದವನು ಬಂದು ಕೂತ. ಒಡೆಯುವ ಹೆಂಗಸರೂ ಬಂದರು. ಹುಚ್ಚಕ್ಕ ಕಚೇರಿಗೆ ಅರ್ಧ ದಿನ ರಜೆ ಬರೆದು, ಅಳತೆ ಪಟ್ಟಿ ಹಿಡಿದು ಕಂಬಕ್ಕೆ ಒರಗಿತು. ಗಂಗಕ್ಕ ಬಾಗಿಲ ಹಿಂದೆ ನಿಂತಿದ್ದಳು. ಒಪ್ಪಿಕೊಳ್ತೀಯೋ ಇಲ್ಲವೋ ಎಂದು ಪಾಪಣ್ಣ ಕೇಳಿದ.

“ತಗಂಡೋರು ಯಾರು ಅಂತ ನಂಗೆ ಗೊತ್ತೈತೆ,” ಎಂದಳು ಗಿರಿಯಮ್ಮ. “ಅದಕ್ಕಿಂತ ಮುಂಚೆ ಆ ಕೊಬ್ಬರಿ ಏನಾತು ಕೇಳ್ರಿ. ಮಾರಲಿಲ್ಲ. ಒಂದು ಬಾಣಂತಿ ತಿಂದ್ಲು, ಹೊಳಲ್ಕೆರೇಲಿ.”

ಪಾಪಣ್ಣನ ಬೀಡಿ ಬೆರಳ ತನಕ ಉರಿದು ಬಂತು, ಅವನಿಗೆ ಅರಿವಿಲ್ಲ. ದೀಪದ ಮುಂದೆ ಆಡಿದ ಮಾತು ನೆನಪಾಯಿತೋ, ಎರಡು ವರ್ಷ ಕೇಳದ ಮಗಳ ಧ್ವನಿ ನೆನಪಾಯಿತೋ, ಅವನೊಬ್ಬನಿಗೇ ಗೊತ್ತು. ಬಾಗಿಲ ಕಡೆ ತಿರುಗಿ, ಯಾರೂ ನಿರೀಕ್ಷಿಸದ ಮಾತು ಕೇಳಿದ.

“ಗಂಡೋ, ಹೆಣ್ಣೋ?”

“ಹೆಣ್ಣು,” ಎಂದಳು ಗಂಗಕ್ಕ ಒಳಗಿನಿಂದ. “ನಿಮ್ಮ ಮೂಗೇ ಐತಂತೆ.”

ಪಾಪಣ್ಣ ಎದ್ದ. ಐವತ್ತೆಂಟರ ಮನುಷ್ಯ ಇಪ್ಪತ್ತರವನಂತೆ ಏಣಿ ಹತ್ತಿ, ಅಟ್ಟದ ಮೇಲಿಂದ ಕಾಯಿ ಉರುಳಿಸತೊಡಗಿದ. ಪೌಡರಿಗೆ ನಾಲ್ಕು ಸಲ ಸೀನಿ, ಇದೇನಿದು ಎಂದು ಬೈದ. ಹುಚ್ಚಕ್ಕ ಅಳತೆ ಪಟ್ಟಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿತು. ಹೆಂಗಸರು ನಗುತ್ತ ಗಂಗಕ್ಕನನ್ನು ಸುತ್ತುವರಿದರು, ವ್ಯಾಪಾರದವನು ಮಧ್ಯಾಹ್ನದ ಹೊಳಲ್ಕೆರೆ ಬಸ್ಸಿನ ಹೊತ್ತು ಹೇಳಿದ. ಮನೆಯಲ್ಲಿ ಎರಡು ವರ್ಷ ಸತ್ತಿದ್ದ ಹೆಸರು ಐದು ನಿಮಿಷದಲ್ಲಿ ಇಪ್ಪತ್ತು ಸಲ ಕೇಳಿಬಂತು. ಈ ಸಂಭ್ರಮದಲ್ಲಿ ಗಿರಿಯಮ್ಮನನ್ನು ಎಲ್ಲರೂ ಮರೆತರು.

ಇಳಿದು ಬಂದ ಪಾಪಣ್ಣ ಅವಳ ಮುಂದೆ ಕಾಯಿ ಸುರಿದು, ಒಳ್ಳೇ ಗಿಟುಕು ಆರಿಸಿ ಚೀಲಕ್ಕೆ ತುಂಬು, ಬೇಗ, ಎಂದ. ಗಿರಿಯಮ್ಮ ಕದಲಲಿಲ್ಲ. ಕೈ ಎರಡೂ ಮಡಿಲಲ್ಲೇ ಇದ್ದವು.

“ಕಳ್ಳಿ ಕೈಯಾಗೆ ಆರಿಸಿದ ಕೊಬ್ಬರಿ ಬಾಣಂತಿಗೆ ಕೊಡ್ತೀರಾ, ಯಜಮಾನ್ರೇ?”

ನಗುತ್ತಿದ್ದವರು ಇತ್ತ ತಿರುಗಿದರು. ಪಾಪಣ್ಣ ಸುತ್ತ ನೋಡಿದ. ಹೋದ ಸೋಮವಾರ ಇದ್ದವರೆಲ್ಲ ಇದ್ದರು. ಕೆಳದನಿಯಲ್ಲಿ, ತಪ್ಪಾಯಿತು ಎಂದ. ವ್ಯಾಪಾರದವರಿಗೆ ಕೇಳಲಿಲ್ಲವಂತೆ ಎಂದಿತು ಹುಚ್ಚಕ್ಕ. ಪಾಪಣ್ಣ ಹೆಗಲ ಮೇಲಿನ ವಲ್ಲಿ ತೆಗೆದು ಕೈ ಮುಗಿದ.

“ಗಿರಿಯಮ್ಮ ಕದ್ದಿಲ್ಲ. ನಾಲಿಗೆ ಜಾರಿದ್ದು ನಂದು. ಈ ಮಾತ್ನ ಮಂಡೀಲೂ ನಿಂತು ಹೇಳ್ತೀನಿ.”

ಒಂದು ವಾರ ಅಳದೆ ಕೂತಿದ್ದವಳಿಗೆ ಈಗ ಅಳು ನುಗ್ಗಿ ಬಂತು. ಯಾರೆದುರಿಗೂ ಮುಚ್ಚಿಕೊಳ್ಳದೆ ಅತ್ತಳು. ಹುಚ್ಚಕ್ಕ ಬಂದು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟಿತು. ಸಾಕಾದ ಮೇಲೆ ಗಿರಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ನಿಂತೇ ಇದ್ದ ಪಾಪಣ್ಣನ ಕಡೆ ಕತ್ತೆತ್ತಿದಳು.

“ಹಂಗಾದ್ರೆ ದೊಡ್ಡ ಚೀಲ ತರ್ರಿ,” ಎಂದಳು. “ಇದು ಸಾಲಾಕಿಲ್ಲ.”