ಪಾಚಿಪುಡಿಯ ರಂಗೋಲಿ

ಪಾಚಿ ಕೊಲ್ಲುವ ಪುಡಿಯ ಚೀಲ ಬಿಚ್ಚಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ತುಕ್ಕು ಹಿಡಿದ ನಲ್ಲಿಯ ನೀರಿನ ವಾಸನೆ ಅದು. ನಿನ್ನೆ ಬೆಳಗ್ಗೆ ಶೆಡ್ಡಿನಲ್ಲಿ ಮೂಗಿಗೆ ಬಡಿದಾಗಲೂ ಹಾಗೇ ಆಯಿತು. ಪರದೇಶದ ಈ ಲೂಕನ್ ಊರಿನ ನಮ್ಮ ಮನೆಸಾಲಿನಲ್ಲಿ ಅಕ್ಟೋಬರ್ ಬಂತೆಂದರೆ ಎಲ್ಲರೂ ಹುಲ್ಲಿನ ಸೇವೆಗೆ ನಿಲ್ಲುತ್ತಾರೆ. ಉದುರಿದ ಎಲೆ ಬಾಚಬೇಕು, ಕೊನೆಯ ಸಲ ಕತ್ತರಿಸಬೇಕು, ತೋಟದ ಫೋರ್ಕಿನಿಂದ ನೆಲ ಚುಚ್ಚಿ ಗಾಳಿಯಾಡಿಸಬೇಕು, ಪಾಚಿಗೆ ಪುಡಿ ಹಾಕಬೇಕು. ಇಷ್ಟೆಲ್ಲ ಯಾಕೆ? ಚಳಿಗಾಲದಲ್ಲಿ ಅದು ಕೆಡದಿರಲಿ ಎಂದು. ಹಸು ಮೇಯುವುದಿಲ್ಲ, ಕುರಿ ಮೇಯುವುದಿಲ್ಲ, ಮಳೆ ಬಿಟ್ಟ ದಿನವಿಲ್ಲದ್ದರಿಂದ ಮನುಷ್ಯರೂ ಅದರ ಮೇಲೆ ಕೂರುವುದಿಲ್ಲ. ನಿಮಗೆ ಎಂದಾದರೂ ಹುಲ್ಲಿನ ಮೇಲೆ ದ್ವೇಷ ಹುಟ್ಟಿದ್ದುಂಟೆ? ನನಗುಂಟು.

ಕೊರೋನಾದ ಮೊದಲ ವರ್ಷದ ಮಾತು. ನನ್ನ ಹೆಂಡತಿ ಡಾಕ್ಟರು, ಹೆರಿಗೆ ರಜೆ ಅರ್ಧಕ್ಕೇ ಬಿಟ್ಟು ಕೆಲಸಕ್ಕೆ ಹೋದವಳು. ಕೋವಿಡ್ ವಾರ್ಡಿನಿಂದ ಮನೆಗೆ ಬಂದರೆ ಅವಳ ಮೂಗಿನ ಮೇಲೆ ಮಾಸ್ಕಿನ ಗಾಯ ಕೆಂಪಗೆ ಕಾಣುತ್ತಿತ್ತು. ನನ್ನ ಆಫೀಸು ಅಡುಗೆಮನೆಯ ಮೇಜಿನ ಮೇಲೆ. ಮಗಳಿಗೆ ಎಂಟು ತಿಂಗಳು. ಬಾಣಂತನಕ್ಕೆಂದು ಮೂರು ತಿಂಗಳಿಗೆ ಬಂದಿದ್ದ ಅತ್ತೆ, ಮಗು ನೋಡಿಕೊಳ್ಳಲು ಬೇರೆ ಯಾರೂ ಸಿಗದೆ, ಹತ್ತನೆಯ ತಿಂಗಳೂ ನಮ್ಮಲ್ಲೇ ಇದ್ದರು. ಮನೆ ನಡೆಯುತ್ತಿದ್ದದ್ದು ಅವರಿಂದ. ಇದನ್ನು ಆಗ ಬಾಯಿಬಿಟ್ಟು ಹೇಳಲಿಲ್ಲ, ಈಗ ದೊಡ್ಡ ಮನುಷ್ಯನ ಹಾಗೆ ಬರೆಯುತ್ತಿದ್ದೇನೆ.

ವಸಂತದಲ್ಲಿ ಇದೇ ಸಾಲಿನವರು ಬಾಗಿಲಲ್ಲಿ ನಿಂತು ನನ್ನ ಹೆಂಡತಿಗೆ ಚಪ್ಪಾಳೆ ತಟ್ಟಿದ್ದರು. ಅಕ್ಟೋಬರಿನಲ್ಲಿ ಅವರಲ್ಲೇ ಒಬ್ಬರು ಬಡಾವಣೆಯ ವಾಟ್ಸಾಪ್ ಗುಂಪಿಗೆ ನಮ್ಮ ಲಾನಿನ ಫೋಟೋ ಹಾಕಿ, ಎಲ್ಲರೂ ಸ್ವಲ್ಪ ಗಮನ ಕೊಟ್ಟರೆ ಚೆನ್ನ ಎಂದು ಬರೆದರು. ಜೊತೆಗೊಂದು ಹೂವಿನ ಚಿತ್ರ ಬೇರೆ. ಆ ಹೂವು ನೋಡಿ ನನಗೆ ರಕ್ತ ಕುದಿಯಿತು. ಚಪ್ಪಾಳೆ ತಟ್ಟಿದ ಕೈಗಳೇ ಹುಲ್ಲಿನ ಉದ್ದ ಅಳೆಯುತ್ತಿದ್ದವಲ್ಲ! ಅದಕ್ಕೊಂದು ಉತ್ತರ ಕೊಡುವ ಧೈರ್ಯವೂ ಇಲ್ಲದೆ ನಾನು ಎಲೆ ಬಾಚುವ ರೇಕು, ಪುಡಿ ಎಲ್ಲ ತರಿಸಿ ಸಿಟ್ಟಿನಿಂದ ಬಾಚಲು ನಿಂತೆ. ಪಕ್ಕದ ಮನೆಯ ಮುದುಕ ಬ್ರೆಂಡನ್ ಗೋಡೆಯಾಚೆ ಎರಡು ಮೀಟರ್ ದೂರದಿಂದ ಪಾಠ ಹೇಳಿದ. ಪುಡಿ ಹುಲ್ಲಿನ ಮೇಲೆ ಮಾತ್ರ ಬೀಳಬೇಕು, ಅದರಲ್ಲಿ ಕಬ್ಬಿಣವಿದೆ, ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಬಿದ್ದು ನೆಂದರೆ ತುಕ್ಕಿನ ಕಲೆ, ಜನ್ಮದಲ್ಲಿ ಹೋಗುವುದಿಲ್ಲ. ಮಿಕ್ಕದ್ದೆಲ್ಲ ಗ್ರ್ಯಾಂಡ್, ಅಂದರೆ ಏನೂ ತೊಂದರೆಯಿಲ್ಲ, ಎಂದ. ಈ ದೇಶದಲ್ಲಿ ಕಾಲು ಮುರಿದುಕೊಂಡವನೂ ತಾನು ಗ್ರ್ಯಾಂಡ್ ಎಂದೇ ಹೇಳುತ್ತಾನೆ.

ಕಲೆಯ ಆ ಮಾತನ್ನು ಅತ್ತೆಗೆ ಹೇಳುವುದು ನನಗೆ ಹೊಳೆಯಲಿಲ್ಲ. ಊರಿನಿಂದ ತಂದ ರಂಗೋಲಿ ಪುಡಿ ಬೇಸಿಗೆಯಲ್ಲೇ ಮುಗಿದಿತ್ತು. ಅಕ್ಕಿಹಿಟ್ಟಿನಲ್ಲಿ ಹಾಕತೊಡಗಿದಾಗ, ಹಕ್ಕಿಗಳು ಬಂದು ಬಾಗಿಲಲ್ಲಿ ಗಲೀಜು ಮಾಡುತ್ತವೆ ಎಂದು ಗೊಣಗಿ ನಿಲ್ಲಿಸಿದವನೂ ನಾನೇ. ಆಯುಧಪೂಜೆಯ ಬೆಳಗ್ಗೆ ಮಗುವಿಗೆ ಬಾಟಲಿ ಕುಡಿಸಿ ಹೊರಗೆ ಬಂದರೆ, ಹುಲ್ಲು ಕತ್ತರಿಸುವ ಯಂತ್ರ ಬಾಗಿಲ ಮುಂದೆ ಕುಂಕುಮ ಇಟ್ಟುಕೊಂಡು ನಿಂತಿದೆ. ಚಕ್ರದ ಕೆಳಗೆ ನಿಂಬೆಹಣ್ಣು. ರೇಕಿಗೂ ಅರಿಶಿನ. ಅದರ ಮುಂದೆ, ನೀರು ಚಿಮುಕಿಸಿದ ಕಲ್ಲಿನ ಮೇಲೆ, ಅತ್ತೆ ಕುಕ್ಕರಗಾಲಲ್ಲಿ ಕೂತು ದೊಡ್ಡ ಎಳೆ ರಂಗೋಲಿ ಎಳೆಯುತ್ತಿದ್ದಾರೆ. ಪಕ್ಕದಲ್ಲಿ ಪಾಚಿಪುಡಿಯ ಬಕೆಟ್ಟು.

ವಾಟ್ಸಾಪಿನವರಿಗೆ ಅನ್ನಬೇಕಾಗಿದ್ದದ್ದೆಲ್ಲ ಆ ಹೆಂಗಸಿನ ಮೇಲೆ ಬಿತ್ತು.

"ಬುದ್ಧಿ ಇದೆಯಾ ನಿಮ್ಗೆ? ಕೇಳ್ದೆ ಎಲ್ಲದಕ್ಕೂ ಕೈ ಹಾಕ್ತೀರ. ಇದು ನಿಮ್ಮ ಮನೆ ಅಲ್ಲ."

ಅವರು ಬೆರಳಿಗೆ ಅಂಟಿದ ಪುಡಿ ಒದರಿಕೊಂಡು ಒಳಗೆ ಹೋದರು. ನಾನು ಬಕೆಟ್ಟುಗಟ್ಟಲೆ ನೀರು ತಂದು ಕಲ್ಲಿನ ಮೇಲೆ ರಪರಪ ಸುರಿದೆ. ಮಧ್ಯಾಹ್ನದ ಹೊತ್ತಿಗೆ ರಂಗೋಲಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅದರ ಸುತ್ತ, ನಾನು ಸುರಿದ ನೀರು ಹರಿದಲ್ಲೆಲ್ಲ ಗೇಟಿನವರೆಗೂ ಅದೇ ಬಣ್ಣ. ಅವರದು ಒಂದು ಅಂದವಾದ ಕಲೆ, ನನ್ನದು ಅಸಹ್ಯವಾದದ್ದು.

ಅತ್ತೆ ಡಿಸೆಂಬರಿನಲ್ಲಿ ವಿಮಾನ ಹತ್ತುವವರೆಗೂ ಮತ್ತೆ ರಂಗೋಲಿ ಹಾಕಲಿಲ್ಲ. ಊಟಕ್ಕೆ ಮೊದಲಿನಂತೆಯೇ ಬಡಿಸಿದರು, ಮೊದಲಿನಂತೆಯೇ ನನ್ನನ್ನು ಬಹುವಚನದಲ್ಲಿ ಕರೆದರು. ಆಮೇಲೆ ಬರಲೇ ಇಲ್ಲ. ಪ್ರತಿವರ್ಷ ಹೆಂಡತಿ ಕರೆಯುತ್ತಾಳೆ, ಪ್ರತಿವರ್ಷ ಒಂದು ಮಂಡಿನೋವು, ಒಂದು ಮದುವೆ. ಮೊಮ್ಮಗಳು ಅಜ್ಜಿಯನ್ನು ಫೋನಿನಲ್ಲೇ ನೋಡಿ ಬೆಳೆದಳು. ಕಾರಣ ನನಗೆ ಗೊತ್ತು, ನನ್ನ ಹೆಂಡತಿಗೂ ಗೊತ್ತು. ಕ್ಷಮೆ ಕೇಳಲು ಮಾತ್ರ ನನ್ನ ಅಳಿಯತನ ಅಡ್ಡ ಬಂತು. ಈಗ ಆ ಕೋಪವೆಲ್ಲ ನನ್ನ ಮೇಲೇ, ಆದರೂ ರೇಕು ಹಿಡಿದಾಗ ಹುಲ್ಲಿನ ಮೇಲೇ ತೀರಿಸಿಕೊಳ್ಳುತ್ತೇನೆ.

ಆ ಕಲ್ಲುಗಳನ್ನು ಕೀಳಿಸಿ ಹೊಸದು ಹಾಕಿಸಲು ಒಬ್ಬನಿಗೆ ಹೇಳಿದ್ದೆ. ನಿನ್ನೆ ಫೋನಿನಲ್ಲಿ ಅತ್ತೆಗೆ ಅದನ್ನು ತಿಳಿಸಿದೆ. ಸಮಾಧಾನವಾಗಬಹುದು ಎಂದು ನನ್ನ ಲೆಕ್ಕ. ಅವರೆಂದರು:

"ತೆಗೆಸಿಬಿಡಿ. ಅದು ಪೂರ್ತಿ ಆಗಿರ್ಲಿಲ್ಲ. ಬಲಗಡೆ ಒಂದು ಎಳೆ ಕೂಡಿಸೋದಿತ್ತು, ಅಷ್ಟರಲ್ಲಿ ನೀವು ಬಂದ್ರಿ. ಅರ್ಧಕ್ಕೆ ಬಿಟ್ಟ ರಂಗೋಲಿ ಬಾಗಿಲಲ್ಲಿ ಇರಬಾರ್ದು."

ಇಷ್ಟು ವರ್ಷ ಅದನ್ನು ತುಳಿದುಕೊಂಡೇ ಓಡಾಡಿದ್ದೇನೆ. ಹೊರಗೆ ಹೋಗಿ ಮೊದಲ ಸಲ ಬಗ್ಗಿ ನೋಡಿದೆ. ಬಲಮೂಲೆಯಲ್ಲಿ ನಾಲ್ಕು ಬೆರಳಗಲ ಎಳೆ ಬಿಟ್ಟುಹೋಗಿತ್ತು. ಕಲ್ಲಿನವನಿಗೆ ಬರಬೇಡ ಎಂದು ಮೆಸೇಜು ಹಾಕಿದೆ. ಗ್ರ್ಯಾಂಡ್ ಎಂದ. ಆಮೇಲೆ ಕಲ್ಲಿಗೆ ನೀರು ಚಿಮುಕಿಸಿ, ಚೀಲದಿಂದ ಒಂದು ಚಿಟಿಕೆ ಪಾಚಿಪುಡಿ ತೆಗೆದುಕೊಂಡು, ಕುಕ್ಕರಗಾಲಲ್ಲಿ ಕೂತು ಆ ಎಳೆಯನ್ನು ಕೂಡಿಸಿದೆ. ಪುಡಿ ಬೇಕಾದ್ದಕ್ಕಿಂತ ಹೆಚ್ಚು ಬಿತ್ತು. ಗೋಡೆಯಾಚೆ ಬ್ರೆಂಡನ್ ನೋಡುತ್ತಿದ್ದ.

ಇವತ್ತು ಬೆಳಗ್ಗೆ ಅದೂ ಬಣ್ಣಕ್ಕೆ ತಿರುಗಿತ್ತು. ಫೋಟೋ ತೆಗೆದು, ಕೆಳಗೆ "ತಪ್ಪಾಯ್ತು ಅತ್ತೆ" ಎಂದು ಬರೆದು ಕಳಿಸಿದೆ. ಹುಲ್ಲು ಬಾಚಿ ಮುಗಿಯುವಷ್ಟರಲ್ಲಿ ಉತ್ತರ ಬಂದಿತ್ತು.

"ಎಳೆ ದಪ್ಪ ಆಯ್ತು. ಬಂದಾಗ ತೋರಿಸ್ಕೊಡ್ತೀನಿ."